ಜೋಳದ ಹೊಲದಲ್ಲಿ ಏಳು ಸುರುಳಿ

ಮನೋಳಿ
31 ಡಿಸೆಂಬರ್ 2024

ಕೊಲ್ಲಾಪುರದ ಮಾಮಾ ಅವರಿಗೆ,

ನಿಮ್ಮ ತಂಗಿಯ ಹೊಸ ಸೊಸೆ ಸಪ್ನಾಳ ಶರಣು ಶರಣಾರ್ಥಿ.

ನನ್ನ ಜೀವನದ ಮೊದಲ ಪತ್ರ ಇದು! ಸಾಲೆಯಲ್ಲಿ ಪ್ರಿನ್ಸಿಪಾಲರಿಗೆ ರಜೆ ಕೇಳಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ನಿಮಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಮೊಬೈಲಿನ ಅಕ್ಷರ ಇರುವೆ ಸಾಲಿನಂತೆ ಕಾಣುತ್ತದೆ, ಆದ್ದರಿಂದ ಕಾಗದವೇ ಬರೆಯಬೇಕು ಎಂದು ಅತ್ತೆ ಹೇಳಿದರು. ಶ್ರೀಶೈಲ ಅವರು ಯರಗಟ್ಟಿಯ ಅಂಗಡಿಗೆ ಹೋಗಿದ್ದಾರೆ (ಬೀಜ, ಪಂಪು ಮಾರುವ ಅಂಗಡಿ ಎಂದು ನಿಮಗೆ ಗೊತ್ತೇ ಇದೆ, ಆದರೂ ಗಂಡನ ಬಗ್ಗೆ ಬರೆಯಲು ನನಗೆ ಯಾವ ನೆಪವಾದರೂ ಸಾಕು).

ನೀವು ಮದುವೆಗೆ ಬರಲಾಗದೆ ಕಳಿಸಿದ ಚಪ್ಪಲಿ! ಮಾಮಾ, ಅದು ಚಪ್ಪಲಿಯಲ್ಲ, ವಾದ್ಯ. ಹೆಜ್ಜೆ ಇಟ್ಟರೆ ಕರ್ ಕರ್ ಎನ್ನುತ್ತದೆ. ನಾನು ಹಿತ್ತಲಲ್ಲಿದ್ದರೂ ಅತ್ತೆಗೆ ಗೊತ್ತಾಗುತ್ತದೆ. “ಬಂತು ನೋಡ್ರಿ ನಮ್ಮ ಬ್ಯಾಂಡ್ ಕಂಪನಿ” ಅನ್ನುತ್ತಾರೆ.

ನಿನ್ನೆ ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದೆವು. ಬೈಲಹೊಂಗಲದಲ್ಲಿ ನಮ್ಮಪ್ಪನದು ಬಟ್ಟೆ ಅಂಗಡಿ. ನಾನು ಹೊಲದಲ್ಲಿ ಕುಳಿತು ಉಂಡದ್ದೇ ಮೊದಲು. ಸಜ್ಜೆ ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಎಷ್ಟು ಉಂಡೆ ಎಂದು ಬರೆಯುವುದಿಲ್ಲ, ನಾಚಿಕೆಯಾಗುತ್ತದೆ.

ಒಂದು ಜಂಬದ ವಿಷಯ ಹೇಳಲೇ? ಬಿಳಿಜೋಳದ ತೆನೆ ಈಗ ಹಾಲುಗಾಳು. ಗುಬ್ಬಿಗಳ ಕಾಟ ಹೇಳತೀರದು. ಹೊಲ ಕಾಯುವ ಬಾಯವ್ವ ಕೂಗಿ ಕೂಗಿ ದನಿ ಕಳೆದುಕೊಂಡಿದ್ದಳು. ಹದಿನೈದು ದಿನದ ಹಿಂದೆ, ಅತ್ತೆ ಕಟಕೋಳಕ್ಕೆ ಬಾಣಂತಿ ನೋಡಲು ಹೋಗಿದ್ದಾಗ, ಮನೆಯಲ್ಲಿ ಬಿದ್ದಿದ್ದ ಹಳೆಯ ಟೇಪಿನ ಪಟ್ಟಿಯನ್ನು ನಾನೇ ಹೊಲದ ತುಂಬ ಗೂಟದಿಂದ ಗೂಟಕ್ಕೆ ಕಟ್ಟಿಸಿದೆ. ಬಿಸಿಲಿಗೆ ಮಿಂಚುತ್ತದೆ, ಗಾಳಿ ಬಂದರೆ ಗುಂಯ್ ಎಂದು ಹಾಡುತ್ತದೆ, ಮೂರು ಎಕರೆಯಲ್ಲಿ ಒಂದು ಗುಬ್ಬಿ ಇಲ್ಲ! ನಿನ್ನೆ ಅತ್ತೆ ಬದುವಿನ ಮೇಲೆ ನಿಂತು ನೋಡಿದರು, ಒಂದು ಪಟ್ಟಿಯನ್ನು ಬೆರಳಲ್ಲಿ ಹಿಡಿದು ನೋಡಿದರು. “ಛಲೋ ಮಿಂಚಾಕತ್ತೈತಿ” ಎಂದು ನಕ್ಕರು. ಆಮೇಲೆ ಬಂದವರಿಗೆಲ್ಲ “ನಮ್ಮ ಸೊಸಿ ಬಾಳ ಶ್ಯಾಣ್ಯಾ” ಎಂದು ಹೇಳಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬೇಗ ಉತ್ತರ ಬರೆಯಿರಿ.

ನಿಮ್ಮ
ಸಪ್ನಾ ಶ್ರೀಶೈಲ (ಈ ಹೆಸರನ್ನು ಬರೆಯುವುದೇ ಒಂದು ಖುಷಿ)


ಕೊಲ್ಲಾಪುರ
6 ಜನವರಿ 2025

ಚಿ. ಸೌ. ಸಪ್ನಾಳಿಗೆ ನಿಜಗುಣಪ್ಪನ ಆಶೀರ್ವಾದ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಈ ಮನೆಗೆ ಬಹಳ ದಿನಗಳ ಮೇಲೆ ಗದ್ದಲ ಬಂದಂತಾಯಿತು. ಚಪ್ಪಲಿಯನ್ನು ಸದ್ದು ಕೇಳಿಯೇ ಆರಿಸಿದ್ದು. ನನ್ನ ಬಲಗಿವಿ ಇನ್ನೂ ಸ್ವಲ್ಪ ಕೆಲಸ ಮಾಡುತ್ತದೆ. ಚಪ್ಪಲಿಯನ್ನು ಕಿವಿಗೆ ಹಿಡಿದು ಬಗ್ಗಿಸುತ್ತಿದ್ದ ಮುದುಕನನ್ನು ನೋಡಿ ಅಂಗಡಿಯವನು ಬಾಗಿಲ ಕಡೆಗೆ ಸರಿದು ನಿಂತ.

ಒಂದು ಕೆಲಸ ಆಗಬೇಕಾಗಿದೆ. ಮೂವತ್ತೆಂಟು ವರ್ಷದ ಹಿಂದೆ ನಾನು ‘ಬಾವಿಯೊಳಗಿನ ಬಾಗಿಲು’ ಎಂಬ ದೆವ್ವದ ಚಿತ್ರಕ್ಕೆ ಸಂಗೀತ ಮಾಡಿದ್ದೆ. ನಾನೊಬ್ಬನೇ ಮಾಡಿದ ಚಿತ್ರ ಅದೊಂದೇ. ಉಳಿದದ್ದೆಲ್ಲ ಬೇರೆಯವರ ಕೆಳಗೆ ಪಿಟೀಲು ಬಾರಿಸಿದ್ದು. ಮೂವತ್ತೆರಡು ವಾದ್ಯಗಾರರಿದ್ದರು. ಪಿಟೀಲಿನವರು ಮುಂಬಯಿಯಿಂದ ಬಂದರು. ಕಹಳೆ ಊದಿದವರು ಕಿತ್ತೂರಿನ ಮದುವೆ ಬ್ಯಾಂಡಿನವರು. ಅವರಿಗೆ ನಿಧಾನವಾಗಿ ಊದುವುದನ್ನು ಕಲಿಸಲು ನನಗೆ ನಾಲ್ಕು ದಿನ ಹಿಡಿಯಿತು. ಚಿತ್ರ ಎರಡನೇ ವಾರ ಕಾಣಲಿಲ್ಲ. ಹಾಡೇ ಇಲ್ಲದ ಚಿತ್ರದ ಕ್ಯಾಸೆಟ್ ಯಾರು ಕೊಳ್ಳುತ್ತಾರೆ ಎಂದು ಯಾವ ಕಂಪನಿಯೂ ತೆಗೆದುಕೊಳ್ಳಲಿಲ್ಲ.

ಈಗ ಮುಂಬಯಿಯ ಒಂದು ಕಂಪನಿಯಿಂದ ಪೂನಮ್ ಎಂಬ ಹೆಣ್ಣುಮಗಳು ಬಂದಿದ್ದಳು. ಅದನ್ನು ಆಲ್ಬಂ ಆಗಿ ತರುತ್ತಾರಂತೆ, ಗ್ರಾಮಾಫೋನಿನ ದೊಡ್ಡ ಕರಿ ತಟ್ಟೆಯ ಮೇಲೆ. ಮೂಲ ಧ್ವನಿಸುರುಳಿ ಬೇಕು. ಫೆಬ್ರುವರಿ ಹದಿನೈದರೊಳಗೆ ಸಿಗದಿದ್ದರೆ ಚಿತ್ರದ ಪ್ರತಿಯಿಂದಲೇ ಎತ್ತುತ್ತಾರೆ. ಹಾಗಾದರೆ ನನ್ನ ಸಂಗೀತದ ಮೇಲೆ ನಾಯಕನ ಕಿರುಚಾಟ, ಬಾಗಿಲಿನ ಕಿರುಗುಟ್ಟು ಎಲ್ಲ ಇರುತ್ತದೆ. ಅದಕ್ಕಿಂತ ಬರದಿರುವುದೇ ಒಳ್ಳೆಯದು.

ಇಲ್ಲಿ ನದಿ ನೀರು ಮನೆಗೆ ನುಗ್ಗಿದ ವರ್ಷ ಆ ಸುರುಳಿಗಳನ್ನು ಒಂದು ಕಟ್ಟಿಗೆ ಪೆಟ್ಟಿಗೆಯಲ್ಲಿ ಹಾಕಿ ನಿನ್ನ ಅತ್ತೆ ರಾಜವ್ವನ ಹತ್ತಿರ ಇಟ್ಟು ಬಂದಿದ್ದೆ. ನಿಮ್ಮ ಮನೆಯ ಅಟ್ಟದ ಮೇಲೆ ಇರಬೇಕು. ನೋಡಿ ತಿಳಿಸು. ಅವಳನ್ನು ಕೇಳುವಾಗ ಸ್ವಲ್ಪ ಜೋಕೆ. ಆ ಚಿತ್ರದ ಮಾತು ನಮ್ಮಿಬ್ಬರ ನಡುವೆ ಬಂದಿಲ್ಲ.

ನಿಮ್ಮ ಹೊಲದ ಟೇಪು ಗಾಳಿಗೆ ಯಾವ ಸ್ವರದಲ್ಲಿ ಹಾಡುತ್ತದೆ? ಬಿಗಿಯಾಗಿ ಕಟ್ಟಿದ್ದೀಯೋ ಸಡಿಲವಾಗಿಯೋ? ತಿಳಿಯುವ ಆಸೆ.

ನಿಜಗುಣಪ್ಪ


ಮನೋಳಿ
13 ಜನವರಿ 2025

ಮಾಮಾ ಅವರಿಗೆ ಶರಣು.

ನಿಮ್ಮ ಪತ್ರ ಬಂತು. ನಿಮ್ಮ ಅಕ್ಷರಗಳು ಒಂದಕ್ಕೊಂದು ಕೈ ಹಿಡಿದುಕೊಂಡು ಓಡುತ್ತವೆ. ಇಂಗ್ಲಿಷ್ ಮೀಡಿಯಂ ಹುಡುಗಿ ನಾನು, ಓದಿ ಮುಗಿಸಲು ಎರಡು ದಿನ ಬೇಕಾಯಿತು. ಮುಂದಿನ ಪತ್ರ ದಯವಿಟ್ಟು ಬಿಡಿ ಬಿಡಿ ಅಕ್ಷರದಲ್ಲಿ ಬರೆಯಿರಿ. ಬೇರೆಯವರಿಂದ ಓದಿಸುವುದು ನನಗೆ ಇಷ್ಟವಿಲ್ಲ.

ಪೆಟ್ಟಿಗೆಯ ವಿಷಯ. ಅಟ್ಟದ ಕೀಲಿ ಅತ್ತೆಯ ಹತ್ತಿರ ಇದೆ. ಅವರು ಸಂಕ್ರಮಣದ ಗಡಿಬಿಡಿಯಲ್ಲಿದ್ದಾರೆ. ಸಮಯ ನೋಡಿ ಕೇಳುತ್ತೇನೆ.

ಇಲ್ಲಿ ಎಲ್ಲರೂ ಕ್ಷೇಮ. ಚಳಿ ಇದೆ.

ಸಪ್ನಾ


ಕೊಲ್ಲಾಪುರ
17 ಜನವರಿ 2025

ಚಿ. ಸೌ. ಸಪ್ನಾಳಿಗೆ ಆಶೀರ್ವಾದ.

ಬಿಡಿ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಒಂದೊಂದೇ ಸ್ವರ ಬಾರಿಸುವ ಹೊಸ ವಿದ್ಯಾರ್ಥಿಯಂತೆ ಕಾಣುತ್ತಿದ್ದೇನೆ.

ನಿನ್ನ ಚಿಕ್ಕ ಪತ್ರದಲ್ಲಿ ಗಂಡನ ಹೆಸರೂ ಇಲ್ಲ, ಊಟದ ಮಾತೂ ಇಲ್ಲ. ನನಗೆ ಅರ್ಥವಾಯಿತು. ರಾಜವ್ವ ಕೊಡುವುದಿಲ್ಲ ಎಂದಿದ್ದಾಳೆ. ಹೊಸ ಸೊಸೆ ನೀನು, ಅದನ್ನು ನನಗೆ ಹೇಗೆ ಬರೆಯುವುದೆಂದು ತಿಳಿಯದೆ ಕೀಲಿಯ ಕತೆ ಕಟ್ಟಿದ್ದೀಯೆ. ಅವಳನ್ನು ತಪ್ಪು ತಿಳಿಯಬೇಡ. ತಪ್ಪು ನನ್ನದು. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ.

ಆ ಚಿತ್ರದಲ್ಲಿ ಬಾವಿಯೊಳಗಿನ ದೆವ್ವ ಒಂದು ರಾಗವನ್ನು ಗುನುಗುತ್ತದೆ. ಮಾತಿಲ್ಲ, ಬರೀ ದನಿ. ಅದಕ್ಕೆ ಮುಂಬಯಿಯ ಮೂರು ಜನ ಗಾಯಕಿಯರನ್ನು ಕರೆಸಿದೆ. ಮೂವರೂ ಚೆನ್ನಾಗಿ ಹಾಡಿದರು, ಒಬ್ಬರಿಂದಲೂ ಭಯವಾಗಲಿಲ್ಲ. ಆ ವಾರ ಮನೋಳಿಗೆ ಬಂದಿದ್ದೆ. ರಾಜವ್ವನಿಗೆ ಇಪ್ಪತ್ತೆರಡು, ನಿನ್ನಂತೆ ಹೊಸ ಸೊಸೆ. ನಸುಕಿನಲ್ಲಿ ಜೋಳ ಬೀಸುತ್ತ ತನ್ನಷ್ಟಕ್ಕೆ ಗುನುಗುತ್ತಿದ್ದಳು. ನಾನು ಗೋಡೆಯ ಈಚೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡೆ. ಕೇಳಲಿಲ್ಲ. ಒಪ್ಪಿಗೆ ಕೇಳಿದರೆ ನಾಚಿ ಬೇರೆ ರೀತಿ ಹಾಡುತ್ತಾಳೆ ಎಂದು ಆಗ ಸಮಾಧಾನ ಹೇಳಿಕೊಂಡೆ. ಆಮೇಲೂ ಹೇಳಲಿಲ್ಲ, ಅದಕ್ಕೆ ಸಮಾಧಾನವಿಲ್ಲ.

ಅವಳು ನಾದಿನಿಯರ ಜೊತೆ ಸವದತ್ತಿಯ ಟಾಕೀಸಿನಲ್ಲಿ ಆ ಚಿತ್ರ ನೋಡಿದಳೆಂದು ಆಮೇಲೆ ತಿಳಿಯಿತು. ಹೊಸ ಸೊಸೆಯ ದನಿ ದೆವ್ವದ ಬಾಯಲ್ಲಿ! ಅವಳು ನನ್ನ ಜೊತೆ ಮಾತು ಬಿಡಲಿಲ್ಲ. ಚಿತ್ರದ ಮಾತು ಮಾತ್ರ ಬಿಟ್ಟಳು. ಪೆಟ್ಟಿಗೆಯನ್ನು ಅವಳ ಮನೆಯಲ್ಲಿ ಇಟ್ಟದ್ದು ನೀರಿನ ಭಯಕ್ಕೆ ಅಷ್ಟೇ ಅಲ್ಲ. ಎಂದಾದರೂ ತೆರೆದು ನನ್ನನ್ನು ಬೈಯಲಿ ಎಂದಿತ್ತು. ಬೈಯಲಿಲ್ಲ.

ಒಂದು ಸಲ ಮಾತ್ರ ಕೇಳು. ಬೇಡ ಎಂದರೆ ಬಿಟ್ಟುಬಿಡು. ಪೂನಮ್‌ಗೆ ನಾನು ಹೇಳಿಕೊಳ್ಳುತ್ತೇನೆ.

ನಿಜಗುಣಪ್ಪ


ಬೈಲಹೊಂಗಲ
23 ಜನವರಿ 2025

ಮಾಮಾ,

ಅತ್ತೆ ಬೇಡ ಎಂದಿಲ್ಲ. ಅತ್ತೆಗೆ ನಾನು ಕೇಳಿಯೇ ಇಲ್ಲ. ಅಟ್ಟಕ್ಕೆ ಕೀಲಿಯೇ ಇಲ್ಲ.

ಹೊಲದಲ್ಲಿ ಮಿಂಚುತ್ತಿರುವುದು ನಿಮ್ಮ ಸುರುಳಿ.

ಮೂರು ಸಲ ಬರೆದು ಹರಿದೆ. ಈ ಸಲ ಹರಿಯುವುದಿಲ್ಲ. ಅಟ್ಟದ ಮೇಲೆ ಕಟ್ಟಿಗೆಯ ಪೆಟ್ಟಿಗೆ ಇತ್ತು. ಒಳಗೆ ಏಳು ದೊಡ್ಡ ಸುರುಳಿ. ಒಂದೊಂದರ ಮೇಲೂ ಚೀಟಿ ಅಂಟಿಸಿತ್ತು, ಕೈ ಹಿಡಿದುಕೊಂಡು ಓಡುವ ಅಕ್ಷರದಲ್ಲಿ. ನನಗೆ ಓದಲು ಬರಲಿಲ್ಲ. ಯಾವುದೋ ಹಳೆಯ ಪ್ರವಚನ ಇರಬೇಕು ಎಂದುಕೊಂಡೆ. ಯಾರನ್ನಾದರೂ ಕೇಳಬಹುದಿತ್ತು. ಆದರೆ ಮದುವೆಯಾಗಿ ಹತ್ತೇ ದಿನ, ಅತ್ತೆ ಬರುವಷ್ಟರಲ್ಲಿ ಏನಾದರೂ ಶ್ಯಾಣ್ಯಾತನ ಮಾಡಿ ತೋರಿಸುವ ಅವಸರ ನನಗೆ. ಬಾಯವ್ವನೂ ನಾನೂ ಏಳನ್ನೂ ಬಿಚ್ಚಿ ಕಟ್ಟಿದೆವು.

ನಿಮ್ಮ ಮೊದಲ ಪತ್ರ ಓದಿದ ಮರುದಿನ ಹೊಲಕ್ಕೆ ಹೋಗಿ ಬಿಚ್ಚತೊಡಗಿದೆ. ಚಪ್ಪಲಿ ಸದ್ದು ಕೇಳಬಾರದೆಂದು ಬರಿಗಾಲಲ್ಲಿ ಹೋದೆ. ಬಾಯವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. “ಯಾಕ್ರೀ ಅಕ್ಕಾರ, ಕಟ್ಟಿದ್ದು ಬಿಚ್ಚಾಕತ್ತೀರಲ್ಲ? ಗುಬ್ಬಿ ಏನ್ ನಿಮ್ಮ ತವರಿನಾವೇನ?” ಅಂದಳು. ನಾನು ಅತ್ತುಬಿಟ್ಟೆ. ಅವಳು ಗಾಬರಿಯಾಗಿ, “ಅಯ್ಯ, ಬಿಚ್ರಿ ಬಿಚ್ರಿ, ತಿಂದ್ರ ತಿನ್ನಲಿ” ಎಂದು ತಾನೂ ಬಿಚ್ಚತೊಡಗಿದಳು. ಏನು ಉಪಯೋಗ? ಇಬ್ಬನಿಗೆ ನೆನೆದು, ಬಿಸಿಲಿಗೆ ಸುಟ್ಟು, ಎಳೆದಲ್ಲಿ ಹರಿಯುತ್ತದೆ. ಬಣ್ಣ ಬೆರಳಿಗೆ ಅಂಟುತ್ತದೆ. ಅದು ಬಣ್ಣವಲ್ಲ, ಸಂಗೀತವೇ ಅದು ಎಂದು ಶ್ರೀಶೈಲ ಅವರ ಫೋನಿನಲ್ಲಿ ಓದಿ ತಿಳಿದುಕೊಂಡೆ. ಮತ್ತೆ ಕಟ್ಟಿ ಬಂದೆ.

ಅದರಲ್ಲಿ ಅತ್ತೆಯ ದನಿ ಇತ್ತೆಂದು ನಿಮ್ಮ ಎರಡನೇ ಪತ್ರದಿಂದ ತಿಳಿಯಿತು. ಅತ್ತೆಯ ಇಪ್ಪತ್ತೆರಡನೇ ವಯಸ್ಸನ್ನು ನಾನು ಗುಬ್ಬಿ ಓಡಿಸಲು ಹಾಕಿದೆ.

ಅಮ್ಮನಿಗೆ ಮೈಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ತವರಿಗೆ ಬಂದಿದ್ದೇನೆ. ಖಾಲಿ ಚಕ್ರಗಳು ಅಲ್ಲಿ ನನ್ನ ಮಂಚದ ಕೆಳಗೆ ಗೋಣಿಚೀಲದಲ್ಲಿವೆ. ಶ್ರೀಶೈಲ ಅವರಿಗೂ ಹೇಳಿಲ್ಲ. ಅವರು ದಿನಾ ಫೋನ್ ಮಾಡಿ “ಯಾವಾಗ ಬರ್ತಿ?” ಅನ್ನುತ್ತಾರೆ. ನಾನು ಅಮ್ಮನಿಗೆ ಬಾರದ ಜ್ವರವನ್ನು ದಿನಕ್ಕೊಂದು ಡಿಗ್ರಿ ಏರಿಸುತ್ತಿದ್ದೇನೆ.

ಬೈಯಿರಿ. ಅತ್ತೆಗೆ ನೀವೇ ತಿಳಿಸಿ. ನನ್ನ ಬಾಯಿಂದ ಬರುವುದಿಲ್ಲ.

ಸಪ್ನಾ


ಕೊಲ್ಲಾಪುರ
28 ಜನವರಿ 2025

ಚಿ. ಸೌ. ಸಪ್ನಾಳಿಗೆ ಆಶೀರ್ವಾದ.

ಬೈಲಹೊಂಗಲದ ವಿಳಾಸ ಬರೆಯದೆ ಕಳಿಸಿದ್ದೀಯೆ. ಮನೋಳಿಗೇ ಹಾಕುತ್ತಿದ್ದೇನೆ. ನೀನು ಅಷ್ಟರಲ್ಲಿ ಗಂಡನ ಮನೆಗೆ ಬಂದಿರುತ್ತೀ ಎಂದು ನಂಬಿದ್ದೇನೆ. ಬಂದಿರದಿದ್ದರೆ ಬಾ. ತಾಯಿಯ ಜ್ವರವನ್ನು ಇನ್ನು ಇಳಿಸು.

ಓದಿದ ಕೂಡಲೇ ನಕ್ಕೆ. ನಿಜವಾಗಿ. ದೆವ್ವದ ಚಿತ್ರದ ಸಂಗೀತ. ಟಾಕೀಸಿನಲ್ಲಿ ಒಂದು ಕೂಸನ್ನೂ ಅದು ಹೆದರಿಸಲಿಲ್ಲ. ಈಗ ಮೂರು ಎಕರೆಯ ಗುಬ್ಬಿಗಳನ್ನು ಹೆದರಿಸಿದೆ. ಇಷ್ಟು ದೊಡ್ಡ ಯಶಸ್ಸು ನನಗೆ ಎಂದೂ ಸಿಕ್ಕಿರಲಿಲ್ಲ.

ನಿನ್ನ ಮೇಲೆ ಕೋಪವಿಲ್ಲ. ನಿರಾಳವಾಯಿತು ಎಂದೇ ಬರೆಯುತ್ತೇನೆ. ಅವಳನ್ನು ಕೇಳದೆ ತೆಗೆದುಕೊಂಡ ದನಿಯನ್ನು ಎರಡನೇ ಸಲ, ಈ ಸಲ ಊರೆಲ್ಲ ಕೇಳುವ ಹಾಗೆ, ಹೊರಗೆ ತರಬೇಕಲ್ಲ ಎಂಬ ಅಳುಕಿತ್ತು. ಈಗ ಅದಿಲ್ಲ. ಆಲ್ಬಂ ಬೇಡವೆಂದು ಪೂನಮ್‌ಗೆ ಬರೆಯುತ್ತೇನೆ. ರಾಜವ್ವನಿಗೆ ಏನೂ ಹೇಳಬೇಡ. ಅವಳಿಗೆ ನೀನು ಶ್ಯಾಣ್ಯಾ ಸೊಸೆಯಾಗಿಯೇ ಇರು.

ಸ್ವರ ಯಾವುದೆಂದು ಇನ್ನೂ ತಿಳಿಸಿಲ್ಲ.

ನಿಜಗುಣಪ್ಪ


ಮನೋಳಿ
3 ಫೆಬ್ರುವರಿ 2025

ಮಾಮಾ! ಮಾಮಾ!! ಮಾಮಾ!!!

ಪೂನಮ್‌ಗೆ ಬರೆದಿದ್ದರೆ ಈ ಕ್ಷಣ ಇನ್ನೊಂದು ಕಾಗದ ಬರೆಯಿರಿ, ಬೇಕು ಎಂದು! ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ.

ಮೊನ್ನೆ ಶನಿವಾರ ಅತ್ತೆಯ ಫೋನ್ ಬಂತು. “ಮನಿಗೆ ಬಾ” ಎಂದಷ್ಟೇ ಹೇಳಿ ಇಟ್ಟರು. ಅವರು ಎಂದೂ ಹಾಗೆ ಮಾತಾಡಿದವರಲ್ಲ. ಸಿಕ್ಕ ಮೊದಲ ಯರಗಟ್ಟಿ ಬಸ್ಸನ್ನೇ ಹತ್ತಿದೆ. ಮನೆಗೆ ಬಂದರೆ ಅತ್ತೆ ಪಡಸಾಲೆಯಲ್ಲಿ ಕುಳಿತಿದ್ದಾರೆ. ಮುಂದೆ ನಿಮ್ಮ ಪತ್ರ. ಒಡೆದಿದೆ. ಪಕ್ಕದಲ್ಲಿ ನನ್ನ ಮಂಚದ ಕೆಳಗಿನ ಗೋಣಿಚೀಲ. ಏಳು ಖಾಲಿ ಚಕ್ರಗಳನ್ನೂ ರೊಟ್ಟಿ ಹರಡಿದಂತೆ ಸಾಲಾಗಿ ಇಟ್ಟಿದ್ದಾರೆ.

“ಇದು ನನಗ ಬರದಿದ್ದಲ್ಲ ಖರೆ. ಆದ್ರ ಇದರಾಗ ಇರಾಕಿ ನಾನ. ಓದೀನಿ” ಅಂದರು.

ನಾನು ಅವರ ಕಾಲು ಹಿಡಿಯಲು ಹೋದೆ. “ಏ ಹುಚ್ಚಿ, ಕುಂದ್ರು” ಎಂದು ಒಂದು ಚಕ್ರವನ್ನು ನನ್ನ ಕೈಗಿಟ್ಟರು. “ಓದು.”

“ನನಗ ಬರೂದಿಲ್ರೀ ಅತ್ತಿ.”

“ನಮ್ಮಪ್ಪ ಒಂದ ಪಾಟಿ ಮ್ಯಾಲ ಇಬ್ಬರಿಗೂ ಕಲಿಸಿದ ಅಕ್ಷರ ಇದು. ನಾ ಓದತೇನಿ, ಕೇಳು. ‘ರಿಹರ್ಸಲ್. ಕಹಳೆ ತಪ್ಪು. ಬೇಡ.’” ಇನ್ನೊಂದನ್ನು ಎತ್ತಿದರು. “‘ಎರಡನೇ ದಿನ. ಎಲ್ಲಾ ತಪ್ಪು. ಬೇಡ.’ ಇದು ನೋಡು, ‘ಕಿತ್ತೂರಿನವರು ಮದುವೆ ವರಸೆ ಊದಿದ್ದು. ಅಯ್ಯೋ.’”

ಮಾಮಾ, ನೀವು ಅಯ್ಯೋ ಎಂದು ಚೀಟಿಯ ಮೇಲೆ ಬರೆದಿದ್ದೀರಿ! ಒಂದು ತಿಂಗಳಿಂದ ನಾನು ಆ ಅಯ್ಯೋದ ಮೇಲೆ ಮಲಗಿದ್ದೆ!

ನನಗೆ ಆಗಲೂ ತಿಳಿಯಲಿಲ್ಲ. “ಹಂಗಾರ ಛಲೋವು ಎಲ್ಲಿ ಅದಾವ್ರಿ?” ಅಂದೆ. ಅವರು ಎದ್ದು ಒಳಗೆ ಹೋಗಿ ತಮ್ಮ ಮದುವೆಯ ಟ್ರಂಕು ತೆಗೆದರು. ಮೇಲೆ ಧಾರೆ ಸೀರೆ, ಅದರ ಕೆಳಗೆ ಶ್ರೀಶೈಲ ಅವರು ಕೂಸಾಗಿದ್ದಾಗಿನ ಕುಂಚಿಗೆ, ಅದರ ಕೆಳಗೆ ಕೌದಿಯ ತುಂಡಿನಲ್ಲಿ ಸುತ್ತಿದ ದೊಡ್ಡ ಬಿಸ್ಕೀಟಿನ ಡಬ್ಬಿ. ಒಳಗೆ ಒಣಗಿದ ಬೇವಿನ ಎಲೆ. ಎಲೆಯ ನಡುವೆ ನಾಲ್ಕು ಸುರುಳಿ. ಈ ಸಲ ಚೀಟಿ ನನಗೂ ಓದಲು ಬಂತು, ಒಂದೇ ಪದ ಇತ್ತು: ‘ಅಂತಿಮ’.

ನೀವು ಪೆಟ್ಟಿಗೆ ಇಟ್ಟು ಹೋದ ವಾರವೇ ಅಟ್ಟದಲ್ಲಿ ಇಲಿ ಕಂಡಿತಂತೆ. ಚೀಟಿ ಓದಿ ಬೇಕಾದವನ್ನು ತೆಗೆದು ಟ್ರಂಕಿನಲ್ಲಿ ಇಟ್ಟುಕೊಂಡರು. ಪ್ರತಿ ಯುಗಾದಿಗೆ ಬೇವಿನ ಎಲೆ ಬದಲಿಸುತ್ತಾರೆ. ಅದಕ್ಕೇ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಅಷ್ಟು ನಿಶ್ಚಿಂತೆಯಿಂದ ನಕ್ಕದ್ದು! ನಾನು ಅವರಿಗೆ ಗೊತ್ತಿಲ್ಲವೆಂದು ಅಂಜಿದ್ದೆ. ಅವರಿಗೆ ನನಗಿಂತ ಹೆಚ್ಚು ಗೊತ್ತಿತ್ತು. “ಒಂದ ಮಾತು ಕೇಳಿದ್ರ ಅವತ್ತ ಹೇಳತಿದ್ದೆ. ನಿಮ್ಮವ್ವಗ ಸುಳ್ಳ ಜ್ವರಾ ಬರಿಸಿದೆಲ್ಲ!” ಎಂದು ನನ್ನ ಕಿವಿ ಹಿಂಡಿದರು. ನಾನು ಅಳುತ್ತ ನಗುತ್ತಿದ್ದೆ. ಎರಡೂ ಒಟ್ಟಿಗೆ ಮಾಡಿದರೆ ಬಿಕ್ಕಳಿಕೆ ಬರುತ್ತದೆ.

ಇನ್ನು ನಿಮ್ಮ ವಿಷಯ. ನೀವು ಅಂದುಕೊಂಡದ್ದು ಎಲ್ಲ ತಪ್ಪು. ಅತ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಬರೆಯಲೇಬೇಕೆಂದು ಪಕ್ಕದಲ್ಲಿ ಕುಳಿತಿದ್ದಾರೆ.

“ಸವದತ್ತಿ ಟಾಕೀಸಿನ್ಯಾಗ ನನ್ನ ದನಿ ನನಗ ಗುರ್ತು ಸಿಕ್ತು. ಎದ್ದು ನಿಂತು ಅದು ನಾನು, ಆ ದೆವ್ವ ನಾನು ಅಂದೆ. ನಾದಿನ್ಯಾರು ಬಾಯಿ ಮುಚ್ಚಿ ಕುಂದ್ರಿಸಿದ್ರು. ಊರಿಗೆ ಬಂದು ಎಲ್ಲರಿಗೂ ಹೇಳಿದೆ. ಯಾರೂ ನಂಬಲಿಲ್ಲ. ತೆರಿ ಮ್ಯಾಲ ಹೆಸರು ಬಂದಾವಲ್ಲ, ನಿನ್ನ ಹೆಸರು ಎಲ್ಲೈತಿ ಅಂದ್ರು. ಚಾ ತಂದು ಕೊಟ್ಟಾವನ ಹೆಸರಿತ್ತು. ಕುದರಿ ಹಿಡದಾವನ ಹೆಸರಿತ್ತು. ನನ್ನ ಹೆಸರಿರಲಿಲ್ಲ. ದೆವ್ವ ಮಾಡಿದ್ದಕ್ಕ ನನಗ ಸಿಟ್ಟಿಲ್ಲ. ಛಲೋ ದೆವ್ವ ಅದು. ಹೆಸರು ಹಾಕಲಿಲ್ಲ, ಅದಕ್ಕ ಸಿಟ್ಟು. ಅಂವಾನ ಮೊದಲು ಬಾಯಿ ಬಿಡಲಿ ಅಂತ ಸುಮ್ನಿದ್ದೆ. ಮೂವತ್ತೆಂಟು ವರ್ಷ ಅಂವಾ ಪುಣ್ಯಾತ್ಮ ನಾ ಬಾಯಿ ಬಿಡಲಿ ಅಂತ ಕುಂತಾನ!”

ಸುರುಳಿ ಕೊಡುತ್ತಾರೆ. ಷರತ್ತು ಒಂದು: ಆಲ್ಬಮಿನ ಮೇಲೆ ಅವರ ಹೆಸರು ಇರಬೇಕು. ಪೋಸ್ಟಿಗೆ ಹಾಕುವುದಿಲ್ಲವಂತೆ. ಮುಂದಿನ ಸೋಮವಾರ ತಾವೇ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬರುತ್ತಾರೆ. ಶ್ರೀಶೈಲ ಅವರು ಜೊತೆಗೆ ಬಂದು ಬಿಟ್ಟು ಹೋಗುತ್ತಾರೆ. ಅವರಿಗೂ ಎಲ್ಲ ಹೇಳಿದೆ. ಐದು ನಿಮಿಷ ನಕ್ಕು, “ನನಗ ಮೊದಲ ಹೇಳಾಕೇನಾಗಿತ್ತ?” ಎಂದು ಮುಖ ಗಂಟು ಹಾಕಿಕೊಂಡರು. ಅದನ್ನು ಬಿಡಿಸಿದ್ದು ಹೇಗೆ ಎಂದು ನಿಮಗೆ ಬರೆಯುವ ಹಾಗಿಲ್ಲ.

ಚಪ್ಪಲಿ ಮತ್ತೆ ಹಾಕಿಕೊಂಡಿದ್ದೇನೆ. ಮನೆಯ ತುಂಬ ಕರ್ ಕರ್.

ನಿಮ್ಮ ಸಪ್ನಾ ಶ್ರೀಶೈಲ

ತಾ. ಕ. ಬಿಗಿಯಾಗಿ ಕಟ್ಟಿದ ಕಡೆ, ಪಶ್ಚಿಮದ ಗಾಳಿ ಇದ್ದಾಗ, ಹೊಲ ‘ಜಿ ಶಾರ್ಪ್’ನಲ್ಲಿ ಹಾಡುತ್ತದೆ. ಫೋನಿನಲ್ಲಿ ನೋಡಿದೆ. ಧ್ವನಿಯನ್ನು ಹಿಡಿದೂ ಇಟ್ಟಿದ್ದೇನೆ. ನೀವು ಕೇಳಿದ್ದ ಪ್ರಶ್ನೆ ಒಂದಕ್ಕಾದರೂ ಉತ್ತರ ಇಟ್ಟುಕೊಂಡಿರೋಣ ಅನ್ನಿಸಿತ್ತು.


ಕೊಲ್ಲಾಪುರ
18 ಫೆಬ್ರುವರಿ 2025

ಚಿ. ಸೌ. ಸಪ್ನಾಳಿಗೆ ಆಶೀರ್ವಾದ.

ರಾಜವ್ವ ಇಲ್ಲಿ ಎಂಟು ದಿನ ಇದ್ದು ನಿನ್ನೆ ಹೊರಟಳು. ಈ ಪತ್ರಕ್ಕಿಂತ ಮೊದಲೇ ಮನೆಗೆ ಬಂದಿರುತ್ತಾಳೆ. ತನ್ನ ಪ್ರತಾಪವನ್ನು ತಾನೇ ಹೇಳಿರುತ್ತಾಳೆ. ನನಗೆ ಬರೆಯಲು ಉಳಿದದ್ದು ಸ್ವಲ್ಪ.

ಪೂನಮ್‌ಗೆ ನಾನು ಬೇಡವೆಂದು ಬರೆದಿರಲಿಲ್ಲ. ಬರೆಯಲು ಕುಳಿತು ಎದ್ದೆ, ಕುಳಿತು ಎದ್ದೆ. ನಿನಗೆ ನಿರಾಳವಾಯಿತು ಎಂದು ಬರೆದೆನಲ್ಲ, ಅದು ಸುಳ್ಳು. ಆ ದಿನ ಊಟ ಮಾಡಲಿಲ್ಲ. ಹೊಸ ಮದುವಣಗಿತ್ತಿಯ ತಲೆಯ ಮೇಲೆ ನನ್ನ ದುಃಖ ಯಾಕೆ ಹೊರಿಸಲಿ ಎಂದು ನಗುವ ಕಾಗದ ಬರೆದೆ. ನಿರಾಳವೆಂದರೆ ಏನು ಎಂದು ಫೆಬ್ರುವರಿ ಹತ್ತನೇ ತಾರೀಕು ತಿಳಿಯಿತು. ಬಾಗಿಲಲ್ಲಿ ನನ್ನ ತಂಗಿ ಬಿಸ್ಕೀಟಿನ ಡಬ್ಬಿ ಹಿಡಿದು ನಿಂತಿದ್ದಳು. “ಅಣ್ಣಾ, ನಿನ್ನ ದೆವ್ವ ತಂದೇನಿ, ಒಳಗ ಕರಕೋ” ಎಂದು ಬಲಗಿವಿಯಲ್ಲಿ ಕೂಗಿದಳು. ಓಣಿಯೆಲ್ಲ ಹೊರಗೆ ಬಂತು.

ನಾನು ಕ್ಷಮೆ ಕೇಳಿದೆ. ಅವಳು, “ಇನ್ನೊಮ್ಮೆ ಅನ್ನು, ನನಗೂ ಕಿವಿ ಮಂದ ಆಗ್ಯಾವ” ಅಂದಳು. ಇನ್ನೊಮ್ಮೆ ಅಂದೆ.

ಪೂನಮ್ ಯಂತ್ರ ತಂದಿದ್ದಳು. ಸುರುಳಿ ನಾಲ್ಕೂ ಸರಿಯಾಗಿವೆ. ಮೂವತ್ತೇಳು ವರ್ಷ ಬೇವಿನ ಎಲೆಯಲ್ಲಿ ಮಲಗಿದ ಟೇಪನ್ನು ಅವಳು ನೋಡಿಯೇ ಇರಲಿಲ್ಲವಂತೆ. ಎಷ್ಟೋ ಸ್ಟುಡಿಯೋಗಳಲ್ಲಿ ಇಟ್ಟದ್ದು ಹೀಗೆ ಉಳಿದಿಲ್ಲ ಎಂದಳು. ನನಗೆ ಕಹಳೆಗಳು ಕೇಳಿದವು, ಪಿಟೀಲು ಅರ್ಧ ಕೇಳಿದವು. ಉಳಿದದ್ದನ್ನು ಸ್ವರಲಿಪಿಯ ಕಾಗದ ನೋಡಿ ತುಂಬಿಕೊಂಡೆ. ದೆವ್ವದ ಜಾಗ ಬಂದಾಗ ರಾಜವ್ವನ ಮುಖ ನೋಡಿದೆ. ಅವಳು ಯಂತ್ರದ ಜೊತೆ ತಾನೂ ಗುನುಗುತ್ತಿದ್ದಳು. ಒಂದು ಕಡೆ ನಿಲ್ಲಿಸಿ, “ಇಲ್ಲಿ ಕಾಳು ಮುಗದಿದ್ವು, ಹಾಕಾಕ ನಿಂತಿದ್ದೆ” ಅಂದಳು. ಆ ಮೌನದಲ್ಲಿ ನಾನು ಮೂವತ್ತೆರಡು ವಾದ್ಯಗಳನ್ನು ಒಟ್ಟಿಗೆ ಬಿಟ್ಟಿದ್ದೆ. ಚಿತ್ರದ ಅತ್ಯಂತ ಭಯದ ಜಾಗ ಅದು. ಕಾರಣ ಒಂದು ಹಿಡಿ ಜೋಳ ಎಂದು ಈಗ ತಿಳಿಯಿತು.

ನೀನು ಹಿಡಿದಿಟ್ಟ ಹೊಲದ ಧ್ವನಿಯನ್ನು ಪೂನಮ್‌ಳ ಫೋನಿಗೆ ಕಳಿಸು. ಇದು ಕೇಳಿಕೆ. ಅವಳ ನಂಬರನ್ನು ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ. ಈ ಸಲ ನಾನು ಕೇಳಿ ತೆಗೆದುಕೊಳ್ಳುತ್ತಿದ್ದೇನೆ. ಬೇಡ ಎನ್ನುವ ಹಕ್ಕು ನಿನಗಿದೆ.

ನಿಜಗುಣಪ್ಪ


ಮನೋಳಿ
9 ಮೇ 2025

ಮಾಮಾ ಅವರಿಗೆ ನಮ್ಮೆಲ್ಲರ ಶರಣು ಶರಣಾರ್ಥಿ.

ಬಂತು! ನಿನ್ನೆ ಬಂತು! ಪೋಸ್ಟಿನ ಗುರುನಾಥ ಅವರು ಅಷ್ಟು ದೊಡ್ಡ ಚೌಕದ ಪಾಕೀಟನ್ನು ಸೈಕಲ್ಲಿನ ಮೇಲೆ ತಲೆಯ ಹಿಂದೆ ಪ್ರಭಾವಳಿಯಂತೆ ಹಿಡಿದುಕೊಂಡು ಬಂದರು. ಒಳಗೆ ಕರಿ ತಟ್ಟೆ. ಹೊದಿಕೆಯ ಮೇಲೆ ಬಾವಿ, ಬಾವಿಯೊಳಗೆ ಬಾಗಿಲು, ಮೇಲೆ ನಿಮ್ಮ ಹೆಸರು ದೊಡ್ಡದಾಗಿ. ನಾನು ಹೊದಿಕೆಗೆ ಮುತ್ತು ಕೊಟ್ಟೆ. ಶ್ರೀಶೈಲ ಅವರು ನೋಡಿ, “ಅದಕ್ಕಷ್ಟ ಏನ?” ಅಂದರು.

ಮನೋಳಿಯಲ್ಲಿ ತಟ್ಟೆ ಹಾಕುವ ಯಂತ್ರ ಯಾರ ಹತ್ತಿರವೂ ಇಲ್ಲ. ಚಿಂತೆಯಿಲ್ಲ, ಫೋನಿನಲ್ಲೂ ಬಂದಿದೆ. ಅಂಗಡಿಯಿಂದ ದೊಡ್ಡ ಸ್ಪೀಕರ್ ತರಿಸಿದೆವು. ಮಳೆಗಾಲ ಬರುವುದರೊಳಗೆ ಒಣಗಿಸಿ ತುಂಬಬೇಕೆಂದು ಅಂಗಳದಲ್ಲಿ ಜೋಳ ಹರಡಿತ್ತು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಮೊರ ಹಿಡಿದು ಕುಳಿತಿದ್ದರು. ಅತ್ತೆ ಎಲ್ಲರ ನಡುವೆ ಕುರ್ಚಿ ಹಾಕಿಸಿಕೊಂಡು ಹೊದಿಕೆಯ ಹಿಂಭಾಗವನ್ನು ಗಟ್ಟಿಯಾಗಿ ಓದಿದರು. ನಿಮ್ಮ ಮೂವತ್ತೆರಡು ಜನರ ಹೆಸರನ್ನೂ ಬಿಡದೆ ಓದಿದರು, ಕಿತ್ತೂರಿನವರ ಹೆಸರು ಬಂದಾಗ “ಅಯ್ಯೋ” ಎಂದು ಸೇರಿಸಿದರು. ಆಮೇಲೆ ತಮ್ಮ ಹೆಸರಿಗೆ ಬಂದು ನಿಂತರು. ‘ಧ್ವನಿ: ರಾಜೇಶ್ವರಿ, ಮನೋಳಿ.’ ಮೂರು ಸಲ ಓದಿದರು. ಮುಖ ನೋಡಬೇಕಿತ್ತು ನೀವು.

ಆಮೇಲೆ ಹುಬ್ಬು ಗಂಟಿಕ್ಕಿದರು. “ಬರೇ ಧ್ವನಿ ಅಂದ್ರ ಯಾವ ಧ್ವನಿ ಅಂತ ಗೊತ್ತಾಗಬೇಕಲ್ಲ? ದೆವ್ವದ ಧ್ವನಿ ಅಂತ ಬರೀಬೇಕಿತ್ತು. ಅಣ್ಣಗ ಬರಿ, ಮುಂದಿನ ಸಲ ತಿದ್ದಲಿ.” ಬರೆದಿದ್ದೇನೆ.

ಸಂಗೀತ ಹಚ್ಚಿದೆವು. ಮಾಮಾ, ಮಟಮಟ ಮಧ್ಯಾಹ್ನ, ಅಂಥ ಬಿಸಿಲು, ಆದರೂ ಪಿಟೀಲುಗಳು ಮೆಲ್ಲಗೆ ಮೇಲೇರಿ ಬಂದಾಗ ನನ್ನ ತೋಳಿನ ಕೂದಲು ನಿಂತವು. ಹೆಂಗಸರು ಕಾಳು ಕೇರುವುದನ್ನು ನಿಲ್ಲಿಸಿದರು. ದೆವ್ವ ಗುನುಗತೊಡಗಿತು. ಮೌನದ ಜಾಗ ಬಂದಾಗ ಅತ್ತೆ “ಕಾಳು ಹಾಕಾಕತ್ತೇನಿ” ಎಂದು ಪಿಸುಗುಟ್ಟಿದರು. ಮುಂದೆ ವಾದ್ಯಗಳೆಲ್ಲ ಒಮ್ಮೆಲೇ ಅಪ್ಪಳಿಸಿದಾಗ ಪಕ್ಕದ ಮನೆಯ ತಂಗೆವ್ವ ಕಟ್ಟೆಯಿಂದ ಜಾರಿ ಜೋಳದ ಮೇಲೆ ಬಿದ್ದಳು. ಬಾಯವ್ವ ಮಾತ್ರ ಅಲ್ಲಾಡಲಿಲ್ಲ. “ದೆವ್ವ ಎಲ್ಲಿಂದ ಬಂತವಾ? ಹೊಸಾ ಸೊಸಿ ನಸುಕಿನ್ಯಾಗ ಬೀಸೂದು ಹಿಂಗ ಇರತೈತಿ” ಅಂದಳು. ಅಂದು ಸವದತ್ತಿಯ ಟಾಕೀಸಿನಲ್ಲಿದ್ದ, ಅತ್ತೆಯ ದೊಡ್ಡ ನಾದಿನಿ ಮಹಾನಂದಾ ಅವರೂ ಬಂದಿದ್ದರು. ಅತ್ತೆ ಹೊದಿಕೆಯನ್ನು ಅವರ ಮೂಗಿನ ಮುಂದೆ ಹಿಡಿದು, “ಈಗ ನಂಬ್ತೀಯೇನ?” ಅಂದರು. ಅವರು ಕನ್ನಡಕ ಹಾಕಿಕೊಂಡು ಓದಿ, “ಆಗೂ ನಂಬಿದ್ದೆ. ನಿನ್ನ ಜಂಬ ಏರಬಾರದು ಅಂತ ಸುಮ್ನಿದ್ದೆ” ಅಂದರು! ಈ ಊರಲ್ಲಿ ಯಾರೂ ಹೇಳಬೇಕಾದ್ದನ್ನು ಆ ಹೊತ್ತಿಗೆ ಹೇಳುವುದೇ ಇಲ್ಲವೇ ಮಾಮಾ? ನಾನೂ ಇದೇ ಊರಿನವಳಾಗಿಬಿಟ್ಟೆ ಎಂದು ಈಗ ಖಾತ್ರಿಯಾಯಿತು.

ಕೊನೆಯ ತುಣುಕು ಬಂತು. ವಾದ್ಯವಿಲ್ಲ, ದನಿಯಿಲ್ಲ. ಗುಂಯ್ ಎಂಬ ಗಾಳಿ. ಒಂದು ನಿಮಿಷ. ಅದರ ಕೆಳಗೆ ಎಲ್ಲೋ ದೂರದಲ್ಲಿ ಬಾಯವ್ವನ ಕೆಮ್ಮು. ‘ಮನೋಳಿಯ ಹೊಲ: ಸಪ್ನಾ ಶ್ರೀಶೈಲ’ ಎಂದು ಹೊದಿಕೆಯ ತುದಿಯಲ್ಲಿ ಸಣ್ಣದಾಗಿ ಇದೆ. ನೀವು ಬರೆಯುತ್ತೀರೆಂದು ನನಗೆ ಹೇಳಿರಲಿಲ್ಲ. ನನಗೆ ಮತ್ತೆ ಬಿಕ್ಕಳಿಕೆ ಬಂತು.

ಆಗ ಅಂಗಳದಲ್ಲಿ ಒಂದು ಸಂಗತಿ ನಡೆಯಿತು. ನಾವೆಲ್ಲ ಸಂಗೀತದಲ್ಲಿ ಮೈಮರೆತಾಗ ಒಣಹಾಕಿದ ಜೋಳದ ಮೇಲೆ ಗುಬ್ಬಿಗಳು ಇಳಿದಿದ್ದವು, ಒಂದು ನಲವತ್ತು ಇರಬಹುದು. ದೆವ್ವಕ್ಕೆ ಅವು ಕ್ಯಾರೇ ಅಂದಿರಲಿಲ್ಲ. ಹೊಲದ ಗುಂಯ್ ಶುರುವಾದದ್ದೇ ತಡ, ಭರ್ರ್ ಎಂದು ಎಲ್ಲವೂ ಒಟ್ಟಿಗೆ ಎದ್ದು ಬೇವಿನ ಮರ ದಾಟಿ ಹೋದವು.

ಅತ್ತೆ ಅವು ಹೋದ ದಿಕ್ಕನ್ನೇ ನೋಡಿದರು, ಸ್ಪೀಕರ್ ನೋಡಿದರು, ನನ್ನನ್ನು ನೋಡಿದರು.

“ನಾಳೆ ಮುಂಜಾನೆ ಕಾಳು ಹರವಿದ ಕೂಡಲೆ ಇದನ್ನ ಹಚ್ಚಿಡು” ಅಂದರು.

ನಿಮ್ಮ
ಸಪ್ನಾ ಶ್ರೀಶೈಲ